ಮೆಕ್ಸಿಕೋದ ವಹಾಕಾದಲ್ಲಿ ಯಾವ ಕೇರಿ ಒಳ್ಳೇದು? ನೀರು, ಕಸ, ಸಂತೆ, ಮಂಡಿನೋವು ಎಲ್ಲಾ ಲೆಕ್ಕ ಹಾಕಿ ಹೇಳ್ರಿ

ಬಣ್ಣದ_ನೂಲು

ಎಲ್ಲಾರಿಗೂ ನಮಸ್ಕಾರ. ನಾನು ಧಾರವಾಡದಾಕಿ, ನೈಸರ್ಗಿಕ ಬಣ್ಣದ ಮ್ಯಾಲೆ ಕೆಲಸ ಮಾಡ್ತೀನಿ. ಬರೂ ವರ್ಷ ಮೆಕ್ಸಿಕೋದ ವಹಾಕಾ ಊರಾಗ ವರ್ಷಪೂರ್ತಿ ಇರೂದೈತಿ. ವಾರದಾಗ ಮೂರ್ನಾಕ್ ದಿನ ತೆಯೊತಿತ್ಲಾನ್ ದೆಲ್ ವಾಯೆ ಅನ್ನೂ ನೇಕಾರರ ಹಳ್ಳಿಗೆ ಹೋಗಿ ಬರಬೇಕು. ಪಾಪಾಸಕಳ್ಳಿ ಮ್ಯಾಲೆ ಸಾಕೂ ಕೊಚಿನಿಯಾ ಹುಳದಿಂದ ಕೆಂಪು, ನೀಲಿ ಗಿಡದಿಂದ ನೀಲಿ ತಗದು ಉಣ್ಣಿ ನೂಲಿಗೆ ಏರಿಸ್ತಾರಲ್ಲ, ಅದನ್ನ ಅವರ ಮನ್ಯಾಗ ಕುಂತು ಕಲಿಯೂದು.

ನನ್ನ ಜೋಡಿ ಅವ್ವ ಮತ್ತ ಎಂಟು ವರ್ಷದ ಮಗಳು ಬರ್ತಾರ. ಅವ್ವಗ ಮಂಡಿ ನೋವು, ಮ್ಯಾಲೆ ಶುದ್ಧ ಸಸ್ಯಾಹಾರಿ. ಬಾಡಗಿ ಮನಿ ಹುಡುಕಿದ್ರ ಬರೇ ಹಲಾತ್ಲಾಕೊ, ಸೆಂತ್ರೊ ಅಂತನ ತೋರಸ್ತಾವು. ಗ್ವಾಡಿ ಬಣ್ಣ ಭಾಳ ಚಂದ ಅದಾವು, ಖರೆ. ಆದ್ರ ನನಗ ತಿಳಕೋಬೇಕಾಗಿದ್ದು ಬ್ಯಾರೆ. ನೀರು ಯಾವಾಗ ಬರ್ತೈತಿ, ಕಸ ಹೆಂಗ ಹೋಗ್ತೈತಿ, ಅವ್ವ ಸಂಜಿಮುಂದ ಎಲ್ಲಿ ಅಡ್ಡಾಡಬೇಕು, ಮಗಳು ಯಾರ ಜೋಡಿ ಆಡಬೇಕು. ಅಲ್ಲಿ ಇದ್ದವರು, ಇದ್ದು ಬಂದವರು ದಯವಿಟ್ಟು ಹೇಳ್ರಿ.

ಅಕ್ಕಪಕ್ಕ

ಬನ್ನಿ ಬನ್ನಿ, ಒಂದು ಮನೆ ಹೆಚ್ಚಾದರೆ ನನಗೂ ಖುಷಿ. ನಾನು ಹಾಸನದವಳು, ಮದುವೆಯಾಗಿ ಇಲ್ಲಿಗೆ ಬಂದೆ. ಇರೋದು ಮಾರ್ಕೆಸಾದೊದಲ್ಲಿ. ಸ್ವಲ್ಪ ಉದ್ದ ಬರೀತೀನಿ, ಓದಿ.

ಮೊದಲು ಊರು ಕೂತಿರೋ ರೀತಿ ತಿಳ್ಕೊಳ್ಳಿ. ನಮ್ಮ ಕಲಬುರಗಿ ಇರೋದೂ ವಹಾಕಾ ಇರೋದೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶ, ಹದಿನೇಳು ಡಿಗ್ರಿ. ಆದರೆ ಈ ಊರು ಸಮುದ್ರಮಟ್ಟದಿಂದ ಸುಮಾರು 1,550 ಮೀಟರ್ ಮೇಲಿದೆ, ಹಾಗಾಗಿ ಕಲಬುರಗಿ ಸೆಕೆ ಇಲ್ಲ. ಏಪ್ರಿಲ್, ಮೇ ಒಂದಿಷ್ಟು ಬೇಯುತ್ತೆ, ಆಮೇಲೆ ಅಕ್ಟೋಬರ್‌ವರೆಗೂ ಸಂಜೆ ಮಳೆ. ಚಳಿಗಾಲದಲ್ಲಿ ಒಂದು ಹನಿಯೂ ಇಲ್ಲ. ಉತ್ತರಕ್ಕೆ ಸಾನ್ ಫೆಲಿಪೆ ಬೆಟ್ಟ, ಪಶ್ಚಿಮಕ್ಕೆ ಅತೊಯಾಕ್ ಹೊಳೆ, ಹೊಳೆ ದಾಟಿದರೆ ಮೊಂತೆ ಅಲ್ಬಾನ್ ಗುಡ್ಡ. ಗುಡ್ಡದ ಮೇಲೆ ಇಲ್ಲಿನ ಮೂಲನಿವಾಸಿಗಳಾದ ಸಪೋತೆಕರ ಹಳೇ ರಾಜಧಾನಿ, ಅದರ ಇಳಿಜಾರಿನ ತುಂಬ ಈಗಿನವರ ಮನೆಗಳು. ಸ್ಪೇನಿನವರು 1529ರಲ್ಲಿ ಚೌಕಟ್ಟು ಎಳೆದು ಕಟ್ಟಿದ ಹಳೇ ಪಟ್ಟಣ ನಡುವೆ ಇದೆ, ಅದೇ ಸೆಂತ್ರೊ. 1987ರಲ್ಲಿ ಸೆಂತ್ರೊನೂ ಮೊಂತೆ ಅಲ್ಬಾನೂ ಒಟ್ಟಿಗೆ ಯುನೆಸ್ಕೋ ಪಟ್ಟಿಗೆ ಸೇರಿದವು. ಪ್ರವಾಸಿಗಳ ಮಟ್ಟಿಗೆ ವಹಾಕಾ ಅಂದರೆ ಇಷ್ಟೇ. ನೀವು ಬಾಳಬೇಕಾದ ವಹಾಕಾ ಇದರ ಸುತ್ತ ಇದೆ.

ಇಲ್ಲಿ ಮನೆ ನೋಡಕ್ಕೆ ಹೋದಾಗ ಹಾಲ್ ಎಷ್ಟು ದೊಡ್ಡದು ಅಂತ ಆಮೇಲೆ ಕೇಳಿ. ಮೊದಲು ನೆಲದಡಿ ತೊಟ್ಟಿ ಎಷ್ಟು ದೊಡ್ಡದು ಅಂತ ಕೇಳಿ. ಅದಕ್ಕೆ ಸಿಸ್ತೆರ್ನಾ ಅಂತಾರೆ, ತಾರಸಿ ಮೇಲಿನ ಟ್ಯಾಂಕಿಗೆ ತಿನಾಕೊ. ನಲ್ಲಿ ನೀರು ಸರದಿ ಮೇಲೆ ಬರುತ್ತೆ. ಕೆಲವು ಕೇರಿಗೆ ವಾರಕ್ಕೊಮ್ಮೆ, ಕೆಲವಕ್ಕೆ ಇನ್ನೂ ತಡ, ಬಿರುಬೇಸಿಗೆಯಲ್ಲಿ ತಿಂಗಳು ದಾಟಿದ್ದೂ ಉಂಟು. ಬಂದಾಗ ಅರ್ಧ ರಾತ್ರಿಯಾದರೂ ಎದ್ದು ತುಂಬಿಸ್ಕೋಬೇಕು. ತೊಟ್ಟಿ ಬರಿದಾದರೆ ಪೀಪಾ ಕರೆಸಬೇಕು, ಅಂದರೆ ನೀರಿನ ಲಾರಿ. ದೊಡ್ಡ ಲಾರಿ 10,000 ಲೀಟರಿನದು. ತೊಟ್ಟಿ ಅದಕ್ಕಿಂತ ಚಿಕ್ಕದಿದ್ದರೆ ಪಕ್ಕದ ಮನೆಯವರ ಜೊತೆ ಪಾಲು ಮಾಡ್ಕೋಬೇಕು. ನಮ್ಮ ಬೀದಿಯಲ್ಲಿ ಹಾಗೇ ಮಾಡ್ತೀವಿ, ಹಾಗೇ ಪರಿಚಯನೂ ಆಗುತ್ತೆ. ಕುಡಿಯೋದಕ್ಕೆ ನಲ್ಲಿ ನೀರು ಯಾರೂ ಬಳಸಲ್ಲ. 20 ಲೀಟರ್ ಕ್ಯಾನು ಹೊತ್ತು ‘ಆಗ್ವಾ…’ ಅಂತ ಉದ್ದಕ್ಕೆ ಕೂಗ್ತಾ ಬೆಳಿಗ್ಗೆ ಬರ್ತಾರೆ. ಖಾಲಿ ಕ್ಯಾನು ಕೊಟ್ಟು ತುಂಬಿದ್ದು ತಗೊಳ್ಳೋದು.

ಕಸದ ಲಾರಿ ಗಂಟೆ ಬಾರಿಸ್ತಾ ಬರುತ್ತೆ. ಚೀಲ ಬಾಗಿಲಲ್ಲಿ ಇಟ್ಟು ಹೋಗೋ ಹಾಗಿಲ್ಲ, ಬೀದಿನಾಯಿ ಹರಿದು ಹಾಕುತ್ತೆ. ಗಂಟೆ ಕೇಳಿದ ತಕ್ಷಣ ನೀವೇ ಓಡಿಹೋಗಿ ಲಾರಿಗೆ ಕೊಡಬೇಕು. ಪಕ್ಕದ ಸಾಚಿಲಾದಲ್ಲಿದ್ದ ದೊಡ್ಡ ಕಸದ ಗುಡ್ಡ 2022ರ ಅಕ್ಟೋಬರಿನಲ್ಲಿ ಮುಚ್ಚಿದರು. ಅಕ್ಕಪಕ್ಕದ ಹಳ್ಳಿಯವರು ದಶಕಗಟ್ಟಲೆ ಆ ಹೊಗೆ ಕುಡಿದು ಸಾಕಾಗಿ ನಿಂತುಬಿಟ್ಟಿದ್ದರು. ಆಮೇಲೆ ಊರಿನ ಮೂಲೆಮೂಲೆಯಲ್ಲೂ ರಾಶಿ ಬಿತ್ತು. ಈಗ ಹಸಿ ಕಸಕ್ಕೆ ಒಂದು ದಿನ, ಒಣ ಕಸಕ್ಕೆ ಒಂದು ದಿನ. ಬೆರೆಸಿ ಕೊಟ್ಟರೆ ವಾಪಸ್ ಕೊಡ್ತಾರೆ, ಅದು ಸರಿನೇ.

ಇನ್ನು ನಮ್ಮ ಮಾರ್ಕೆಸಾದೊ. ಮೆಕ್ಸಿಕೋವನ್ನ ಗೆದ್ದ ಸ್ಪೇನಿನ ದಂಡನಾಯಕ ಕೋರ್ತೆಸ್‌ಗೆ ಅಲ್ಲಿನ ರಾಜ ‘ವಹಾಕಾ ಕಣಿವೆಯ ಮಾರ್ಕೆಸ್’ ಅಂತ ಬಿರುದು ಕೊಟ್ಟಿದ್ದ, ಆ ಜಹಗೀರಿಗೆ ಸೇರಿದ ಊರು ಇದು, ಪಟ್ಟಣದ ಗಡಿಯಾಚೆ ಬೇರೆಯಾಗಿತ್ತು. 1892ರಲ್ಲಿ ರೈಲು ಬಂತು, ನಿಲ್ದಾಣ ಇಲ್ಲೇ ಆಯ್ತು. ಈಗ ರೈಲಿಲ್ಲ. ನಿಲ್ದಾಣ ಮ್ಯೂಸಿಯಂ ಆಗಿದೆ, ಹಳಿ ಪಕ್ಕದಲ್ಲಿ ಮಕ್ಕಳು ಸೈಕಲ್ ಹೊಡೀತಾರೆ. ನಿಮ್ಮ ಮಗಳಿಗೆ ಇಷ್ಟ ಆಗುತ್ತೆ. ಇಲ್ಲಿ ದುಡಿಯೋ ಜನ ಇದ್ದಾರೆ: ಮೆಕ್ಯಾನಿಕ್, ಮೇಷ್ಟ್ರು, ಬ್ರೆಡ್ಡು ಸುಡೋರು, ಮನೆ ಮುಂಬಾಗಿಲಲ್ಲೇ ರಾತ್ರಿ ಕೆಂಡ ಹಾಕಿಕೊಂಡು ತ್ಲಾಯೂದಾ ಅನ್ನೋ ಅಗಲ ರೊಟ್ಟಿ ಮಾರೋ ಹೆಂಗಸರು. ಬೆಳಿಗ್ಗೆ ಹೆಂಗಸರು ಸುಣ್ಣದ ನೀರಲ್ಲಿ ಬೇಯಿಸಿದ ಜೋಳ ಬಕೆಟ್‌ನಲ್ಲಿ ಹಿಡ್ಕೊಂಡು ಗಿರಣಿಗೆ ಹೋಗ್ತಾರೆ, ಮುಸುಕಿನ ಜೋಳ. ಆ ಸರತಿಯಲ್ಲಿ ನಿಂತರೆ ಬೀದಿಯ ಸುದ್ದಿ ಪೂರ್ತಿ ಸಿಗುತ್ತೆ. ನನಗೆ ಸ್ಪ್ಯಾನಿಷ್ ಕಲಿಸಿದ್ದು ಆ ಸರತಿ.

ಕೆಟ್ಟದ್ದೂ ಹೇಳ್ತೀನಿ. ಹೆದ್ದಾರಿ ಪಕ್ಕದಲ್ಲೇ ಇದೆ, ಬಸ್ಸಿನ ಹೊಗೆ ವಿಪರೀತ. ಫುಟ್‌ಪಾತ್ ಒಂದೊಂದು ಮನೆ ಮುಂದೆ ಒಂದೊಂದು ಎತ್ತರ. ನಿಮ್ಮ ಅಮ್ಮನಿಗೆ ಅದು ಕಷ್ಟ.

ರೆಫೋರ್ಮಾ_ನಿವಾಸಿ

ಅಕ್ಕಪಕ್ಕ ಅವರು ನೀರಿನ ವಿಷಯ ಹೇಳಿದ ಮೇಲೆ ನನಗೆ ಹೇಳೋದು ಸುಲಭ. ಮಂಡಿನೋವು, ಮಗು, ವಾರಕ್ಕೆ ನಾಲ್ಕು ದಿನ ತೆಯೊತಿತ್ಲಾನ್ ಅಂದರೆ ಕೊಲೊನಿಯಾ ರೆಫೋರ್ಮಾ ನೋಡಿ. ಸೆಂತ್ರೊದ ಉತ್ತರಕ್ಕಿದೆ. ನೇರ ಅಗಲ ರಸ್ತೆ, ಇಳಿಜಾರು ಸೌಮ್ಯ, ಮರಗಳಿವೆ. ದಂತವೈದ್ಯರು, ಮಕ್ಕಳ ವೈದ್ಯರು, ರಕ್ತಪರೀಕ್ಷೆ, ಬೇಕರಿ ಎಲ್ಲ ನಡೆದು ಹೋಗೋ ದೂರ. ತ್ಲಾಕೊಲೂಲಾ, ತೆಯೊತಿತ್ಲಾನ್ ಕಡೆ ಹೋಗೋ ಬಸ್ಸು, ಕೊಲೆಕ್ತಿವೊ ಎಲ್ಲ ಬೇಸ್‌ಬಾಲ್ ಕ್ರೀಡಾಂಗಣದ ಹತ್ತಿರ ಹೆದ್ದಾರಿಯಲ್ಲಿ ಸಿಗುತ್ತವೆ. ಕೆಳ ರೆಫೋರ್ಮಾದಲ್ಲಿ ಮನೆ ಮಾಡಿದರೆ ಅಲ್ಲಿಗೆ ನಡೆದೇ ಹೋಗಬಹುದು. ಕೊಲೆಕ್ತಿವೊ ಅಂದರೆ ಹಂಚಿಕೊಂಡು ಹೋಗೋ ಟ್ಯಾಕ್ಸಿ, ಕಡುಗೆಂಪು ಬಿಳಿ ಬಣ್ಣ, ಗಾಜಿನ ಮೇಲೆ ಹಳ್ಳಿ ಹೆಸರು. ಸೀಟು ತುಂಬಿದ ಮೇಲೇ ಹೊರಡೋದು.

ಅಮ್ಮನಿಗೆ ಸಂಜೆ ಎಲ್ ಯಾನೊ ಪಾರ್ಕು. ದೊಡ್ಡ ಮರಗಳು, ಸಿಂಹದ ಪ್ರತಿಮೆಗಳು, ಸಮತಟ್ಟಾದ ದಾರಿ, ಕೂರಲು ಬೇಕಾದಷ್ಟು ಬೆಂಚು. ಮಕ್ಕಳು ಸ್ಕೇಟಿಂಗ್ ಮಾಡ್ತಾರೆ. ಶುಕ್ರವಾರ ಅಲ್ಲೇ ಸಂತೆ ಕೂರುತ್ತೆ, ತರಕಾರಿ ಹಣ್ಣು ಊಟ ಎಲ್ಲ ಸಿಗುತ್ತೆ.

ರೆಫೋರ್ಮಾ ನೋಡೋಕೆ ಸಾಧಾರಣ. ಗೋಡೆ ಹಿಂದೆ ಮನೆ, ಗೇಟು, ಕಾರು. ಅಕ್ಕಪಕ್ಕದವರ ಹೆಸರು ಗೊತ್ತಾಗೋಕೆ ತಿಂಗಳುಗಳೇ ಬೇಕು. ಅದು ಬೇಡ ಅನ್ನೋರಿಗೆ ಇದು ಹಿಡಿಸಲ್ಲ.

ಹಳೆ_ವಿದ್ಯಾರ್ಥಿ

ನಾನು ಹಲಾತ್ಲಾಕೊದಲ್ಲಿ ಬಾಡಿಗೆಗಿದ್ದೆ, ಈಗ ಮೈಸೂರಿಗೆ ವಾಪಸ್ ಬಂದಿದ್ದೇನೆ. ಆ ಕೇರಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜಾಹೀರಾತಿನಲ್ಲಿ ಬರೋದು ಅದರ ಗೋಡೆ ಮಾತ್ರ.

ಹಲಾತ್ಲಾಕೊ ಚರ್ಮ ಹದ ಮಾಡುವವರ ಕೇರಿಯಾಗಿತ್ತು. ಪಕ್ಕದಲ್ಲಿ ಅದೇ ಹೆಸರಿನ ಹೊಳೆ ಹರಿಯುತ್ತಿತ್ತು, ಆ ನೀರು ಇದ್ದದ್ದರಿಂದಲೇ ಆ ಕಸುಬು. ಹೊಳೆಯನ್ನು ಮುಚ್ಚಿ ಮೇಲೆ ರಸ್ತೆ ಮಾಡಿದರು, ಈಗ ಅದು ಕಾಲ್ಸಾದಾ ದೆ ಲಾ ರೆಪುಬ್ಲಿಕಾ. ಆ ರಸ್ತೆಯ ಒಂದು ಬದಿ ಸೆಂತ್ರೊ, ಇನ್ನೊಂದು ಬದಿ ಹಲಾತ್ಲಾಕೊ. ಕಲ್ಲು ಹಾಸಿದ ಬೀದಿ, ಒಂದಂತಸ್ತಿನ ಮನೆ, ನಡುವೆ ಸಾನ್ ಮತಿಯಾಸ್ ಚರ್ಚು, ಗೋಡೆ ಮೇಲೆ ಸತ್ತವರ ಹಬ್ಬದ ಚಿತ್ರಗಳು. ಚಂದವೇ, ಅನುಮಾನವಿಲ್ಲ. ಆದರೆ ಆ ಉಬ್ಬುತಗ್ಗಿನ ಕಲ್ಲಿನ ಮೇಲೆ ಮಂಡಿನೋವಿನ ಅಮ್ಮ ಮಳೆಗಾಲದಲ್ಲಿ ನಡೆಯೋದು ಬೇಡ ಅಂತ ನನ್ನ ಅಭಿಪ್ರಾಯ.

ನಾನಿದ್ದ ಬೀದಿಯಲ್ಲಿ ಮೊದಲು ಒಂದು ಕಿರಾಣಿ ಅಂಗಡಿ, ಒಬ್ಬ ದರ್ಜಿ, ಟಾರ್ಟಿಯಾ, ಅಂದರೆ ಮುಸುಕಿನ ಜೋಳದ ರೊಟ್ಟಿ, ಮಾಡಿ ಮಾರೋ ಒಂದು ಮನೆ ಇದ್ದವು. ನಾನು ಬಿಡೋ ಹೊತ್ತಿಗೆ ಮೂರೂ ಜಾಗದಲ್ಲಿ ಕಾಫಿ ಅಂಗಡಿ ಅಥವಾ ದಿನಬಾಡಿಗೆ ಕೋಣೆ. ಟಾರ್ಟಿಯಾ ಮಾಡುತ್ತಿದ್ದ ಅಜ್ಜಿಯ ಮಗಳು ಈಗ ಹೊಳೆಯಾಚೆ ಗುಡ್ಡದಲ್ಲಿ ಇದ್ದಾಳೆ, ಮುಂಜಾನೆ ಬಸ್ಸು ಹಿಡಿದು ತನ್ನದೇ ಹಳೇ ಬೀದಿಗೆ ಕೆಲಸಕ್ಕೆ ಬರುತ್ತಾಳೆ. 2024ರ ಜನವರಿಯಲ್ಲಿ ಇದರ ವಿರುದ್ಧ ಸೆಂತ್ರೊದಲ್ಲಿ ಮೆರವಣಿಗೆ ಆಯಿತು, ಪೊಲೀಸರು ಕೆಲವರನ್ನು ಹಿಡಿದರು. ಮನೆ ಹುಡುಕುವ ನಮ್ಮಂಥವರು ಇದನ್ನು ತಿಳಿದೇ ಬರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಡಾಲರಿನಲ್ಲಿ ಬಾಡಿಗೆ ಹೇಳುವ ಮನೆ ಬಿಟ್ಟುಬಿಡಿ. ಪೆಸೊದಲ್ಲಿ, ವರ್ಷದ ಕರಾರಿಗೆ, ಊರವರಿಂದಲೇ ತಗೊಳ್ಳಿ. ಆ ಒಂದು ಮನೆಯಾದರೂ ಬಾಳುವ ಮನೆಯಾಗಿ ಉಳಿಯುತ್ತದೆ.

ಹಬ್ಬದ ಗದ್ದಲವೂ ಗೊತ್ತಿರಲಿ. ಸತ್ತವರ ಹಬ್ಬಕ್ಕೆ ಅಕ್ಟೋಬರ್ ಕೊನೆಯಲ್ಲಿ ಬ್ಯಾಂಡಿನವರು ಬೀದಿಬೀದಿ ಸುತ್ತುತ್ತಾರೆ, ಜನ ವೇಷ ಹಾಕಿ ಬೆಳಗಿನ ಜಾವದವರೆಗೂ ಕುಣಿಯುತ್ತಾರೆ. ಹತ್ತಿರದ ದೊಡ್ಡ ಸ್ಮಶಾನದಲ್ಲಿ ಗೋಡೆಯ ಗೂಡುಗಳಿಗೆಲ್ಲ ಮೇಣದಬತ್ತಿ ಹಚ್ಚುತ್ತಾರೆ. ದಾರಿಯುದ್ದಕ್ಕೂ ಚೆಂಡುಹೂವು. ನಮ್ಮ ದಸರಾ, ದೀಪಾವಳಿಯ ಚೆಂಡುಹೂವು ಮೂಲತಃ ಮೆಕ್ಸಿಕೋದ್ದೇ, ನಿಮ್ಮ ಅಮ್ಮನಿಗೆ ತೋರಿಸಿ.

ಗ್ವಾದಲಹಾರ_ಐಟಿ

ನಾನು ಗ್ವಾದಲಹಾರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದೀನಿ, ವಹಾಕಾಕ್ಕೆ ರಜೆಗೆ ಹೋಗ್ತಾ ಇರ್ತೀನಿ. ಮೇಡಂ, ಫ್ಯಾಮಿಲಿ ಜೊತೆ ಅಂದ್ರೆ ಸಾನ್ ಫೆಲಿಪೆ ದೆಲ್ ಆಗ್ವಾ ಯಾಕೆ ನೋಡ್ಬಾರ್ದು? ಬೆಟ್ಟದ ಬುಡ, ತಂಪು ಗಾಳಿ, ಕಾಂಪೌಂಡ್ ಇರೋ ಮನೆ, ಸೇಫ್. ಸೆಂತ್ರೊದಲ್ಲಿ ರಸ್ತೆ ತಡೆ, ಧರಣಿ ಅಂತ ಯಾವಾಗ್ಲೂ ಏನಾದ್ರೂ ಇರುತ್ತೆ. ಒಂದ್ಸಲ ಬಸ್ ನಿಲ್ದಾಣಕ್ಕೆ ಹೋಗಕ್ಕೆ ಎರಡು ಗಂಟೆ ಬಿಸಿಲಲ್ಲಿ ನಡೆದಿದೀನಿ.

ಅಕ್ಕಪಕ್ಕ

ಸಾನ್ ಫೆಲಿಪೆ ಬಗ್ಗೆ ಹೇಳಿದ್ದು ಸರಿ, ಗಾಳಿ ಚೆನ್ನಾಗಿದೆ. ಊರಿಗೆ ಕುಡಿಯೋ ನೀರು ಬರ್ತಿದ್ದದ್ದೇ ಆ ಬೆಟ್ಟದಿಂದ. 18ನೇ ಶತಮಾನದಲ್ಲಿ ಕಲ್ಲಿನ ಕಮಾನು ಕಟ್ಟಿ ನೀರು ಇಳಿಸಿದರು. ಆ ಕಮಾನು ಈಗಲೂ ಸೊಚಿಮಿಲ್ಕೊ ಕೇರಿಯಲ್ಲಿ ಮನೆಗಳ ಮಧ್ಯೆ ನಿಂತಿದೆ. ಕೆಲವು ಕಮಾನಿನ ಕೆಳಗೇ ಬಾಗಿಲು ಇಟ್ಟುಕೊಂಡು ಜನ ವಾಸ ಮಾಡ್ತಿದ್ದಾರೆ. ಸೊಚಿಮಿಲ್ಕೊ ಹತ್ತಿ ನೇಕಾರರ ಕೇರಿ, ಮೇಜುಬಟ್ಟೆ ನೇಯೋ ಮಗ್ಗದ ಸದ್ದು ಕೆಲವು ಮನೆಗಳಲ್ಲಿ ಇನ್ನೂ ಇದೆ. ಬಣ್ಣದ_ನೂಲು, ನೀವು ಅಲ್ಲಿ ಒಂದು ಮಧ್ಯಾಹ್ನ ಸುತ್ತಲೇಬೇಕು. ಅಲ್ಲೂ ಕಲ್ಲಿನ ರಸ್ತೆ, ಏರು ಬೇರೆ, ಅಮ್ಮನಿಗೆ ಬೇಡ.

ಆದರೆ ಸಾನ್ ಫೆಲಿಪೆಯಲ್ಲಿ ಕಾರಿಲ್ಲದೆ ಏನೂ ಆಗಲ್ಲ. ಬಸ್ಸು ಇದೆ, ಏರಿಳಿಯೋಕೆ ಹೊತ್ತು ಬೇಕು. ಹಳ್ಳಿಯ ಹಳೇ ಭಾಗ ಬಹಳ ಚೆಂದ, ಅಲ್ಲಿ ಊರ ಜನಕ್ಕೆ ತಮ್ಮ ಕಾಡು, ತಮ್ಮ ನೀರು ಅಂದರೆ ಜೀವ. ಅದನ್ನ ಸುತ್ತುವರಿದ ಬಂಗಲೆ ಭಾಗದಲ್ಲಿ ಮಗು ಜೊತೆ ಆಡೋಕೆ ಯಾರು ಸಿಗ್ತಾರೆ ಅಂತ ನನಗೆ ಅನುಮಾನ.

ಇನ್ನು ರಸ್ತೆ ತಡೆ. ಇಲ್ಲಿ ಅದನ್ನ ಬ್ಲೊಕೆಯೊ ಅಂತಾರೆ. ಸಿಂಕೊ ಸೆನ್ಯೋರೆಸ್ ವೃತ್ತ, ವಿಗೆರಾ ಕೂಡುರಸ್ತೆ, ಇವೆರಡು ಬಂದ್ ಆದರೆ ಊರು ನಿಂತ ಹಾಗೆ. ತೊಂದರೆ ಆಗುತ್ತೆ ನಿಜ. ಆದರೆ ವಹಾಕಾ ರಾಜ್ಯದಲ್ಲಿ 570 ಪುರಸಭೆಗಳಿವೆ, ಎಷ್ಟೋ ಹಳ್ಳಿಯವರು ಇಡೀ ರಾತ್ರಿ ಪ್ರಯಾಣ ಮಾಡಿ ರಾಜಧಾನಿಗೆ ಬಂದು ರಸ್ತೆಯಲ್ಲಿ ಕೂತರೆ ಮಾತ್ರ ಅವರ ಅರ್ಜಿ ಓದ್ತಾರೆ. ಮೇ ತಿಂಗಳಲ್ಲಿ ಮೇಷ್ಟ್ರ ಸಂಘ, ಅಂದರೆ ಸೆಕ್ಸಿಯೋನ್ 22, ಸೋಕಲೊ ಚೌಕದಲ್ಲಿ ಡೇರೆ ಹಾಕುತ್ತೆ. 2006ರ ಜೂನ್ 14ರ ಬೆಳಗಿನ ಜಾವ ಆ ಡೇರೆಗಳ ಮೇಲೆ ಪೊಲೀಸರನ್ನ ಬಿಟ್ಟರು. ಆಮೇಲೆ ಇಡೀ ಊರು ಎದ್ದು ನಿಂತು ತಿಂಗಳುಗಟ್ಟಲೆ ಬೀದಿಗಳಲ್ಲಿ ಅಡ್ಡಗೋಡೆ ಇದ್ದವು. ನಮ್ಮ ಬೀದಿಯ ಹಿರಿಯರಿಗೆ ಅದು ನಿನ್ನೆ ಮೊನ್ನೆ ನಡೆದಷ್ಟು ನೆನಪಿದೆ. ಸರ್ಕಾರಿ ಶಾಲೆಗೆ ಮಗುವನ್ನ ಸೇರಿಸೋದಾದರೆ ಮುಷ್ಕರದ ದಿನ ಮನೆಯಲ್ಲಿ ಯಾರು ನೋಡ್ಕೊಳ್ತಾರೆ ಅಂತ ಮೊದಲೇ ಯೋಚಿಸಿ. ನಿಮಗೆ ಅಮ್ಮ ಇದ್ದಾರೆ, ಅದೊಂದು ಧೈರ್ಯ.

ಗುಡ್ಡದಮನೆ

ಎಲ್ಲರೂ ಹೊಳೆಯ ಈಚೆ ಬಗ್ಗೆ ಮಾತಾಡ್ತಿದ್ದೀರಿ. ನಾನು ಆಚೆ ಕಡೆಯವನು. ಸಾನ್ ಮಾರ್ತಿನ್ ಮೆಹಿಕಾಪಮ್ ಮೇಲಿನ ಗುಡ್ಡದಲ್ಲಿ, ಮಕ್ಕಳಿಗೆ ಸಂಜೆ ಪಾಠ ಹೇಳೋ ಕೆಲಸದ ಮೇಲೆ ಬಂದು ಅಲ್ಲೇ ಕೋಣೆ ಮಾಡಿಕೊಂಡೆ.

ವಹಾಕಾ ಪುರಸಭೆಗೆ 13 ‘ಅಹೆನ್ಸಿಯಾ’ಗಳಿವೆ, ಸುತ್ತಲಿನ ಹಳೇ ಹಳ್ಳಿಗಳು ಊರೊಳಗೆ ಸೇರಿಹೋದದ್ದು. ಮೆಹಿಕಾಪಮ್ ಅದರಲ್ಲೊಂದು. ಕೆಳಗೆ ಹಳೇ ಹಳ್ಳಿ, ಮೇಲೆ ಮೊಂತೆ ಅಲ್ಬಾನಿನ ಇಳಿಜಾರಿನ ತುಂಬ ಜನ ತಾವೇ ಕಟ್ಟಿಕೊಂಡ ಮನೆಗಳು. ಬೆಟ್ಟದೂರುಗಳಿಂದ, ಮಿಸ್ತೆಕಾ ಕಡೆಯಿಂದ, ಕರಾವಳಿಯಿಂದ ಬಂದವರು. ಮೊದಲು ತಗಡು, ಆಮೇಲೆ ಒಂದು ಕೋಣೆ ಇಟ್ಟಿಗೆ, ಅಮೆರಿಕದಲ್ಲಿರೋ ಮಗ ದುಡ್ಡು ಕಳಿಸಿದಾಗ ಇನ್ನೊಂದು ಕೋಣೆ. ತಾರಸಿ ಮೇಲೆ ಕಂಬಿಗಳು ಹಾಗೇ ಎದ್ದು ನಿಂತಿರುತ್ತವೆ, ಮುಂದಿನ ಅಂತಸ್ತಿಗೆ ಅಂತ. ಪ್ರತಿ ತಾರಸಿ ಮೇಲೂ ಒಂದು ನಾಯಿ.

ಅಕ್ಕಪಕ್ಕ ಅವರು ಹೇಳಿದ ಪೀಪಾ ಲಾರಿ ಇಲ್ಲಿ ಅರ್ಧ ದಾರಿಗೇ ನಿಲ್ಲುತ್ತೆ, ಏಕೆಂದರೆ ಮುಂದೆ ಬರೀ ಮೆಟ್ಟಿಲು. ಅಲ್ಲಿಂದ ಉದ್ದ ಪೈಪು ಎಳೆದು ಡ್ರಮ್ಮಿಗೆ ತುಂಬಿಸ್ತಾರೆ, ಪೈಪೂ ಮುಟ್ಟದ ಮನೆಗೆ ಬಕೆಟ್. ತಮಾಷೆಯ ಮಾತಲ್ಲ, ಇಡೀ ಊರಿನಲ್ಲಿ ನೀರಿಗೆ ಅತಿ ಹೆಚ್ಚು ದುಡ್ಡು ಕೊಡೋದು ಅತಿ ಕಡಿಮೆ ಸಂಬಳದವರು. ಗ್ಯಾಸಿನ ಸಿಲಿಂಡರ್ ಹೆಗಲ ಮೇಲೆ ಹೊತ್ತು ಹತ್ತುವ ಹುಡುಗರನ್ನ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತೆ. ಕೆಳ ರಸ್ತೆಯಿಂದ ಮೇಲೆ ಬರೋಕೆ ಮೊತೊಟ್ಯಾಕ್ಸಿ, ನಮ್ಮ ಬಜಾಜ್ ಆಟೋನೇ. ನಮ್ಮೂರಿನ ಅದೇ ಆಟೋದಲ್ಲಿ ಸಪೋತೆಕ್ ಮಾತಾಡೋ ಅಜ್ಜಿ ಪಕ್ಕ ಕೂತು ಹೋಗೋದು ನನಗೆ ಎಷ್ಟು ಇಷ್ಟ ಅಂತ ಹೇಳಕ್ಕಾಗಲ್ಲ.

ನಾನು ಇಲ್ಲಿಂದ ಬೇರೆ ಕಡೆ ಹೋಗದೆ ಇರೋದಕ್ಕೆ ಕಾರಣ ತೆಕಿಯೊ. ಭಾನುವಾರ ಬೆಳಿಗ್ಗೆ ಸಮಿತಿಯವರು ಧ್ವನಿವರ್ಧಕದಲ್ಲಿ ಕರೀತಾರೆ. ಮನೆಗೊಬ್ಬರು ಬರಬೇಕು, ಕೂಲಿ ಇಲ್ಲ. ಚರಂಡಿ ಬಳಿಯೋದು, ಮೆಟ್ಟಿಲಿಗೆ ಕಾಂಕ್ರೀಟ್ ಹಾಕೋದು, ಮಳೆಗೆ ಮುಂಚೆ ತಡೆಗೋಡೆ ಕಟ್ಟೋದು. ಇಲ್ಲಿನ ಎಷ್ಟೋ ಮೆಟ್ಟಿಲು ಹಾಗೇ ಆದದ್ದು, ಪುರಸಭೆ ಸಿಮೆಂಟ್ ಕೊಟ್ಟರೆ ಕೈ ಜನರದ್ದು. ಬರದವರು ದಂಡ ಕೊಡಬೇಕು ಅಥವಾ ಇನ್ನೊಬ್ಬರನ್ನ ಕಳಿಸಬೇಕು. ಹೊರಗಿನವನು ಅಂತ ನನ್ನನ್ನು ಯಾರೂ ಬಿಡಲಿಲ್ಲ, ಸಲಿಕೆ ಕೊಟ್ಟರು. ಕೆಲಸ ಆದಮೇಲೆ ಹೆಂಗಸರು ದೊಡ್ಡ ಪಾತ್ರೆಯಲ್ಲಿ ಬೀನ್ಸ್, ಟಾರ್ಟಿಯಾ ತರ್ತಾರೆ, ಮೆಟ್ಟಿಲ ಮೇಲೆ ಕೂತು ಊಟ.

ಬಣ್ಣದ_ನೂಲು ಅಕ್ಕ, ಅಮ್ಮನ ಮಂಡಿ ನೋಡಿದರೆ ನಿಮಗೆ ಗುಡ್ಡ ಆಗಲ್ಲ, ಒಪ್ತೀನಿ. ‘ಹೊಳೆಯಾಚೆ ಹೋಗಬೇಡಿ, ಅಪಾಯ’ ಅಂತ ಮನೆ ತೋರಿಸುವವರು ಹೇಳೇ ಹೇಳ್ತಾರೆ. ಕತ್ತಲಾದ ಮೇಲೆ ಗುರುತಿಲ್ಲದ ಓಣಿಯಲ್ಲಿ ಒಬ್ಬರೇ ಓಡಾಡಬಾರದು, ಅಷ್ಟು ಸರಿ. ಆದರೆ ನೀವು ತಿನ್ನೋ ಟಾರ್ಟಿಯಾ, ಇರೋ ಮನೆಯ ಗೋಡೆ, ಹೋಗೋ ಬಸ್ಸು, ಇದೆಲ್ಲ ನಡೆಸುವವರು ಬೆಳಿಗ್ಗೆ ಇಲ್ಲಿಂದಲೇ ಇಳಿದು ಬರ್ತಾರೆ.

ಕರಾವಳಿ_ಹೆಣ್ಣು

ಗುಡ್ಡದಮನೆಯವರೇ, ಓದಿ ಕಣ್ಣು ತುಂಬಿ ಬಂತು ಮಾರಾಯ್ರೆ. ನಾನು ಬರೀ ಹದಿನೈದು ದಿನ ಇದ್ದವಳು, ಹೆಚ್ಚು ಹೇಳ್ಲಿಕ್ಕೆ ಇಲ್ಲ. ಅಮ್ಮನಿಗೆ ಊಟದ್ದು ಹೇಗೆ ಅಂತ ಯಾರೂ ಹೇಳ್ಲಿಲ್ಲ ಅಲ್ವಾ? ನಾನು ಮೀನು ತಿನ್ನುವವಳು, ನನಗೆ ಕಷ್ಟ ಆಗ್ಲಿಲ್ಲ. ಶುದ್ಧ ಸಸ್ಯಾಹಾರಿಗಳಿಗೆ ಅಲ್ಲಿ ಬೀನ್ಸಿನಲ್ಲೂ ಹಂದಿ ಕೊಬ್ಬು ಇರ್ತದಂತೆ ಹೌದಾ?

ಅಕ್ಕಪಕ್ಕ

ಹೌದು, ಅದು ಬಹಳ ಮುಖ್ಯ. ತ್ಲಾಯೂದಾ ಅಂದರೆ ತಟ್ಟೆಗಿಂತ ಅಗಲದ ಗಟ್ಟಿ ಟಾರ್ಟಿಯಾ, ಅದರ ಮೇಲೆ ಮೊದಲು ಬಳಿಯೋದೇ ಅಸಿಯೆಂತೊ, ಅದು ಹಂದಿ ಕೊಬ್ಬು. ‘ಸಿನ್ ಅಸಿಯೆಂತೊ, ಸಿನ್ ಕಾರ್ನೆ’ ಅಂತ ಎರಡನ್ನೂ ಹೇಳಬೇಕು. ಬೀನ್ಸಿಗೆ ‘ಮಾಂತೇಕಾ’ ಹಾಕಿದ್ದೀರಾ ಅಂತ ಬೇರೆ ಕೇಳಬೇಕು. ಮೋಲೆ ಸಾರಿಗೆ ಕೋಳಿ ಬೇಯಿಸಿದ ನೀರು ಇರುತ್ತೆ, ಅಮ್ಮನಿಗೆ ಬೇಡ. ಮನೆ ಅಡುಗೆಗೆ ಮಾತ್ರ ಏನೂ ಕೊರತೆ ಇಲ್ಲ. ಕುಂಬಳ ಹೂ, ಕುಂಬಳ ಕುಡಿ, ಮೆಂತ್ಯದ ಎಲೆ ಥರದ ಚೆಪಿಲ್ ಸೊಪ್ಪು, ಎಳೇ ಕಳ್ಳಿ ಎಲೆ, ನಾಲ್ಕಾರು ಥರದ ಬೀನ್ಸು, ಬೆಣ್ಣೆಹಣ್ಣು. ಸೀಮೆಬದನೆ ರಾಶಿರಾಶಿ ಸಿಗುತ್ತೆ, ಅದರ ತವರೇ ಮೆಕ್ಸಿಕೋ. ಸೀಮೆಬದನೆ ಕೂಟು ಮಾಡಿ ಪಕ್ಕದ ಮನೆಗೆ ಕೊಟ್ಟೆ, ಅವರು ಆ ಬಳ್ಳಿಯ ಗೆಡ್ಡೆಯನ್ನೂ ತಿನ್ನಬಹುದು ಅಂತ ತಂದು ಕೊಟ್ಟರು. ಮೆಣಸಿನಕಾಯಿ ಬಗ್ಗೆ ನಾನು ಹೇಳೋದೇ ಬೇಡ. ಹುಣಸೆಹಣ್ಣೂ ಸಿಗುತ್ತೆ. ತೊಗರಿಬೇಳೆ, ಇಂಗು, ಸಾಸಿವೆ ಮಾತ್ರ ಊರಿಂದ ತನ್ನಿ.

ಸಾಮಾನಿಗೆ ಶನಿವಾರ ಬೆಳಿಗ್ಗೆ ಸೆಂತ್ರಾಲ್ ದೆ ಅಬಾಸ್ತೋಸ್. ಊರಿನ ದಕ್ಷಿಣಕ್ಕೆ, ಹೊಳೆ ದಂಡೆ ಹತ್ತಿರ. ಅದೊಂದು ಕೇರಿಯಷ್ಟೇ ದೊಡ್ಡದು. ಹಳ್ಳಿ ಹೆಂಗಸರು ನೆಲದ ಮೇಲೆ ಬಟ್ಟೆ ಹಾಸಿ ಐದೈದು ಟೊಮೆಟೊ ಗುಡ್ಡೆ ಮಾಡಿ ಕೂತಿರ್ತಾರೆ. ಪರ್ಸು ಮುಂದೆ ಹಿಡ್ಕೊಳ್ಳಿ, ಫೋನು ಒಳಗಿಡಿ. ಚೌಕಾಸಿ ಆ ಅಜ್ಜಿಯರ ಹತ್ತಿರ ಮಾಡಬೇಡಿ, ಅವರು ಕತ್ತಲಲ್ಲೇ ಎದ್ದು ಬಸ್ಸು ಹಿಡಿದಿರ್ತಾರೆ. ಅಲ್ಲಿಂದ ಮೇಲೆ ಮೀನಾ ರಸ್ತೆಗೆ ಬಂದರೆ ಚಾಕೊಲೇಟ್ ಗಿರಣಿಗಳು. ಕೋಕೋ ಬೀಜ, ಬಾದಾಮಿ, ದಾಲ್ಚಿನ್ನಿ, ಸಕ್ಕರೆ ನಿಮಗೆ ಬೇಕಾದ ಅಳತೆಯಲ್ಲಿ ಕಣ್ಣೆದುರೇ ಅರೆದು ಕೊಡ್ತಾರೆ. ಮಗಳನ್ನ ಕರ್ಕೊಂಡು ಹೋಗಿ. ಅಮ್ಮನಿಗೆ ತೆಹಾತೆ ಕೊಡಿಸಿ. ಮುಸುಕಿನ ಜೋಳ, ಕೋಕೋ, ಮಾಮೇ ಹಣ್ಣಿನ ಬೀಜ, ಒಂದು ಹೂವು ಹಾಕಿ ಅರೆದು ಕೈಯಲ್ಲೇ ನೊರೆ ಬರಿಸೋ ತಂಪು ಪಾನೀಯ. ಸಾನ್ ಅಂದ್ರೆಸ್ ವಾಯಾಪಮ್ ಹಳ್ಳಿಯ ಹೆಂಗಸರದ್ದು ಹೆಸರುವಾಸಿ. ಅದರಲ್ಲಿ ಹಾಲೂ ಇಲ್ಲ, ಕೊಬ್ಬೂ ಹಾಕಲ್ಲ.

ಇನ್ನೊಂದು ಹೇಳಲೇಬೇಕು. ಈಸ್ಟರಿಗೆ ಮುಂಚಿನ ವ್ರತದ ನಾಲ್ಕನೇ ಶುಕ್ರವಾರ ‘ಸಮರಿತಾನಾ’ ಅಂತ ಮಾಡ್ತಾರೆ. ಚರ್ಚು, ಅಂಗಡಿ, ಶಾಲೆ, ಮನೆ ಬಾಗಿಲಲ್ಲೆಲ್ಲ ಹೂ ಕಟ್ಟಿ, ಮಡಕೆ ಇಟ್ಟು, ದಾರಿಯಲ್ಲಿ ಹೋಗೋರಿಗೆಲ್ಲ ಹಣ್ಣಿನ ಪಾನಕ ಪುಕ್ಕಟೆ ಕೊಡ್ತಾರೆ. ರಾಮನವಮಿ ಪಾನಕ, ಮಜ್ಜಿಗೆ ಹಂಚೋ ಹಾಗೇ, ಅದೇ ಬಿಸಿಲುಗಾಲ ಕೂಡ. ನಿಮ್ಮ ಅಮ್ಮನಿಗೆ ಆವತ್ತು ಈ ಊರು ಪರಕೀಯ ಅನ್ನಿಸಲ್ಲ.

ಹಳೆ_ವಿದ್ಯಾರ್ಥಿ

ಭೂಕಂಪದ ಮಾತು ಬಿಟ್ಟುಹೋಗಿದೆ. ವಹಾಕಾದಲ್ಲಿ ಮನೆಗಳು ಕುಳ್ಳಗೆ, ಚರ್ಚಿನ ಗೋಡೆಗಳು ದಪ್ಪಗೆ ಇರೋದು ಆ ಕಾರಣಕ್ಕೇ. 2017ರ ಸೆಪ್ಟೆಂಬರ್ 7ರ ರಾತ್ರಿ 8.2ರ ಕಂಪನ ಆದಾಗ ರಾಜ್ಯದ ಆಗ್ನೇಯದ ಹುಚಿತಾನ್ ಊರು ಬಹಳ ನಲುಗಿತು. 2020ರ ಜೂನ್ 23ರಂದು ಕರಾವಳಿಯಲ್ಲಿ 7.4. ಬೀದಿಯ ಧ್ವನಿವರ್ಧಕಗಳಲ್ಲಿ ಎಚ್ಚರಿಕೆಯ ಸದ್ದು ಬರುತ್ತೆ, ಕಂಪನ ಮುಟ್ಟುವ ಮುಂಚೆ ಕೆಲವು ಸೆಕೆಂಡು ಸಿಗುತ್ತವೆ. ಮಗಳಿಗೂ ಅಮ್ಮನಿಗೂ ಆ ಸದ್ದನ್ನು ಮೊದಲೇ ಕೇಳಿಸಿ ಗುರುತು ಮಾಡಿಸಿ. ಅಮ್ಮನ ಮಂಡಿ ನೋಡಿಕೊಂಡು ನೆಲಮಹಡಿ ಮನೆಯೇ ತಗೊಳ್ಳಿ, ಬಾಗಿಲಿಂದ ಬಯಲಿಗೆ ಹತ್ತಿರವಿರಲಿ.

ಬಣ್ಣದ_ನೂಲು

ಇಷ್ಟು ಪ್ರೀತಿಲೆ ಬರದಿರಿ, ಎಲ್ಲಾರಿಗೂ ಶರಣು. ಎಲ್ಲಾ ಅವ್ವಗ ಓದಿ ಹೇಳಿದೆ. ತೆಕಿಯೊದ ಮಾತು ಕೇಳಿ ಆಕಿ, ‘ಊರ ಕೆರಿ ಹೂಳು ತಗಿಯಾಕ ನಿಮ್ಮ ಅಜ್ಜಾರೂ ಹಿಂಗ ಹೋಗತಿದ್ರು’ ಅಂದ್ಲು.

ಕೆಳ ರೆಫೋರ್ಮಾ, ಇಲ್ಲಂದ್ರ ಎಲ್ ಯಾನೊ ಪಾರ್ಕಿನ ಆಸುಪಾಸು, ನೆಲಮಹಡಿ, ಪೆಸೊದಾಗ ವರ್ಷದ ಕರಾರು, ಹಂಗ ಹುಡುಕ್ತೀನಿ. ಗುಡ್ಡದಮನೆ ಸರ್, ಮಗಳು ಸ್ಪ್ಯಾನಿಷ್ ಒಂದೀಟು ಕಲತ ಮ್ಯಾಲೆ ನಿಮ್ಮ ಸಂಜಿ ಸಾಲಿಗೆ ಬಂದು ಆ ಹುಡುಗ್ರ ಜೋಡಿ ಕುಂಡ್ರಬಹುದೇನು? ನಾ ಅವರಿಗೆ ಬಣ್ಣ ಹಾಕೂದು ಕಲಸ್ತೀನಿ. ಅಕ್ಕಪಕ್ಕ ಅಕ್ಕಾರ, ಕರಾರಿಗೆ ಸಹಿ ಹಾಕೂ ಮುಂಚೆ ಮನಿ ಮಾಲಕರಿಗೆ ಏನೇನು ಕೇಳಬೇಕು?

ಗುಡ್ಡದಮನೆ

ಖಂಡಿತ ಬನ್ನಿ. ಮಂಗಳವಾರ, ಗುರುವಾರ ಸಂಜೆ. ಕೆಳ ರಸ್ತೆವರೆಗೆ ಬಸ್ಸು, ಅಲ್ಲಿಂದ ಆಟೋ. ಇಳಿಯುವಾಗ ಮಕ್ಕಳೇ ಜೊತೆಗೆ ಬಂದು ಬಸ್ಸು ಹತ್ತಿಸ್ತಾರೆ. ಬಣ್ಣಕ್ಕೆ ಬೇಕಾದ ನೀರು ಮಾತ್ರ ಮೊದಲೇ ಎಷ್ಟು ಅಂತ ಹೇಳಿ, ಮಳೆಗಾಲದಲ್ಲಿ ಇಟ್ಟುಕೊಂಡರೆ ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರೇ ಸಾಕಾಗುತ್ತೆ.

ಅಕ್ಕಪಕ್ಕ

ಸಿಸ್ತೆರ್ನಾ ಎಷ್ಟು ಲೀಟರ್, ಅದು ನಿಮ್ಮೊಬ್ಬರದೇ ಅಥವಾ ಮೇಲಿನ ಮನೆಯವರಿಗೂ ಸೇರಿದ್ದಾ? ನೀರು ಬಂದಾಗ ತುಂಬಿಸೋರು ಯಾರು, ಪೀಪಾ ದುಡ್ಡು ಬಾಡಿಗೆಯಲ್ಲಿ ಸೇರಿದೆಯಾ? ಪಂಪು ಕೆಟ್ಟರೆ ಯಾರ ಖರ್ಚು? ಮುಚ್ಚಳ ತೆಗೆಸಿ ಟಾರ್ಚ್ ಬಿಟ್ಟು ಒಳಗೆ ನೋಡಿ, ಬಿರುಕು ಇದ್ದರೆ ಆ ಮನೆ ಬೇಡ. ಠೇವಣಿ ಸಾಮಾನ್ಯವಾಗಿ ಒಂದು ತಿಂಗಳದ್ದು ಕೇಳ್ತಾರೆ. ‘ಫಿಯಾದೋರ್’ ಅಂತ ಊರಲ್ಲಿ ಆಸ್ತಿ ಇರೋ ಜಾಮೀನುದಾರರನ್ನೂ ಕೆಲವರು ಕೇಳ್ತಾರೆ. ಅದಕ್ಕೆ ಯೋಚನೆ ಮಾಡಬೇಡಿ, ನಮ್ಮತ್ತೆ ಹೆಸರಲ್ಲಿ ಮನೆ ಇದೆ, ನಾನು ಮಾತಾಡ್ತೀನಿ. ಬರೋ ತಾರೀಖು ಗೊತ್ತಾದ ಮೇಲೆ ಖಾಸಗಿ ಸಂದೇಶ ಕಳಿಸಿ. ಮೊದಲ ವಾರ ನಮ್ಮ ಮನೆಯಲ್ಲೇ ಇದ್ದು, ಮನೆಗಳನ್ನ ನಾವಿಬ್ಬರೂ ಒಟ್ಟಿಗೆ ನೋಡೋಣ.